ಪಡುವಣ ಮಗ್ಗುಲಿನ ಫೋಟಾನ್‌ಗಳು

"ಸಹಿ ಮಾಡಂಗಿಲ್ರಿ. ಏನ್ ಬೇಕಾದ್ರೂ ಆಗ್ಲಿ, ಮಾಡಂಗಿಲ್ಲ."

ಕುಂದಲಹಳ್ಳಿಯ ಮುನಿಯಕ್ಕನ ಮನೆಯ ಜಗಲಿಯ ಮೇಲೆ ಕೂತ ಹುಡುಗಿ ಅಷ್ಟು ಹೇಳಿ, ಮಡಚಿ ಮಡಚಿ ಮೆತ್ತಗಾಗಿದ್ದ ಹಾಳೆಯೊಂದನ್ನು ನೆಲಕ್ಕೆ ಹಾಕಿದಳು. ಗಾಳಿಗೆ ಹಾರದಿರಲೆಂದು ಅದರ ಮೇಲೆ ತನ್ನ ಚಪ್ಪಲಿಯನ್ನೇ ಎಳೆದಿಟ್ಟಳು. ಒಳಗಿನಿಂದ ಕಾಫಿ ತರುತ್ತಿದ್ದ ಮಂಜುಶ್ರೀ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಕ್ಷರದ ಮೇಲೆ ಚಪ್ಪಲಿ ಇಟ್ಟವರನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಮುನಿಯಕ್ಕ ಮಾತ್ರ ನಕ್ಕರು. "ಪರವಾಗಿಲ್ವೇ! ಕೋಪ ಕಾಲಿಗೆ ಇಳಿದದೆ. ಯಾರ ಮನೆ ಮಗಳವ್ವ ನೀನು?"

"ನಿಮ್ಮ ಹಿಂದಿನ ಓಣ್ಯಾಗ ಬಾಡಿಗಿ ಇರೋ ಶೇಖವ್ವನ ಮಗಳ್ರಿ. ಶಿವಗಂಗಾ."

"ಅಪಾರ್ಟ್‌ಮೆಂಟ್ ಕಟ್ಟೋ ಕಡೆ ಕೆಲಸಕ್ಕೆ ಓಗ್ತಾಳಲ್ಲ, ಆ ಶೇಖವ್ವನಾ? 'ನನ್ ಮಗಳು ನಕ್ಷತ್ರ ನೋಡ್ತಾಳೆ' ಅಂತಿದ್ಲು ಅವಳು. ನಾನು ಜಾತಕ ಬರೀತೀಯೇನೋ ಅಂದ್ಕೊಂಡಿದ್ದೆ."

ಮುನಿಯಕ್ಕ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ತಲೆಗೂದಲು ಬೆಳ್ಳಗಾಗುವವರೆಗೆ ದುಡಿದು ನಿವೃತ್ತರಾದವರು. ಅಪ್ಪನ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವರದೇ ಮೂರಂತಸ್ತಿನ ಬಾಡಿಗೆ ಮನೆ. ಸುತ್ತಲಿನ ಟೆಕ್ ಪಾರ್ಕುಗಳಲ್ಲಿ ಠಾಣೆಗೆ ಹೋಗಿ ಹೇಳಲಾಗದಂಥ ಏನೇ ನಡೆದರೂ ಜನ ಹುಡುಕಿಕೊಂಡು ಬರುತ್ತಿದ್ದದ್ದು ಈ ಜಗಲಿಗೇ. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿದ ಮಂಜುಶ್ರೀ ಮಹಡಿಯ ಒಂಟಿ ಕೋಣೆಯಲ್ಲಿದ್ದುಕೊಂಡು, ಅವರ ಪತ್ತೇದಾರಿಕೆಯ ವರದಿಗಳನ್ನು ಬರೆದುಕೊಡುತ್ತಿದ್ದಳು. ನಾಲ್ಕು ಜನರೆದುರು ಬಾಯಿ ಬಿಡುವುದೆಂದರೆ ಅವಳಿಗೆ ಜ್ವರವೇ ಬರುತ್ತಿತ್ತು; ಹೀಗಾಗಿ ಮುನಿಯಕ್ಕನಂಥ ಮಾತುಗಾರ್ತಿಯ ಜೊತೆ ಚೆನ್ನಾಗಿಯೇ ಹೊಂದಿಕೊಂಡಿದ್ದಳು.

"ಈಗ ಶುರುವಿಂದ ಯೋಳು," ಎಂದರು ಮುನಿಯಕ್ಕ.

ಶಿವಗಂಗಾ ಕಾಫಿ ಮುಟ್ಟದೆ ಹೇಳಿದಳು. ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರ ಬಾಡಿಗೆ ಮಹಡಿಯಲ್ಲಿ ಒಂದು ಸಣ್ಣ ಸಂಶೋಧನಾ ಗುಂಪು. 'ನಿಶಾಕ್ಷಿ' ಎಂಬ ಬಾಹ್ಯಾಕಾಶ ದೂರದರ್ಶಕ ಕಳಿಸುವ ಮಾಹಿತಿಯನ್ನು ಜಾಲಾಡುವುದು ಅವರ ಕೆಲಸ. ಅವಳು ಅಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ.

"ಅದು ಎಕ್ಸ್-ರೇ ನೋಡ್ತದ್ರಿ. ನೆಲದ ಮ್ಯಾಲೆ ನಿಂತು ನೋಡಾಕ ಬರಂಗಿಲ್ಲ, ನಮ್ಮ ಗಾಳಿ ಎಲ್ಲಾ ನುಂಗಿಬಿಡ್ತದ. ಅದಕ್ಕ ಮ್ಯಾಲೆ ಹೋಗಬೇಕು."

"ಮೂಳೆ ಮುರಿದ್ರೆ ತೆಗೀತಾರಲ್ಲ, ಅದೇನಾ?"

"ಅದ ರೀ. ಹೊಸಾ ನಕ್ಷತ್ರ ಹುಟ್ಟೋ ಗ್ಯಾಲಕ್ಸಿಯೊಳಗ ದೊಡ್ಡ ದೊಡ್ಡ ನಕ್ಷತ್ರ ಲಗೂನ ಸಾಯ್ತಾವ. ಸತ್ತು ಕಪ್ಪು ಕುಳಿ ಆಗಿ, ಜೋಡಿ ನಕ್ಷತ್ರದ ಅನಿಲ ಎಳಕೊಂಡು ನುಂಗ್ತಾವ. ಆ ಅನಿಲ ಕಾದು ಎಕ್ಸ್-ರೇ ಉಗುಳ್ತದ. ಎಷ್ಟು ನಕ್ಷತ್ರ ಹುಟ್ತಾವೋ ಅಷ್ಟು ಎಕ್ಸ್-ರೇ ಅಂತ ನಮ್ಮ ಮುಖ್ಯಸ್ಥರು, ಹನುಮಂತರಾಯಪ್ಪ ಸರ್, ಹಿಂದೊಮ್ಮೆ ಸೂತ್ರ ಕೊಟ್ಟಾರ. ಜಗತ್ತೇ ಅದನ್ನ ಒಪ್ಪೇತಿ."

"ನೀನು ಒಪ್ಪಿಲ್ಲ."

"ನಾ ಅಲ್ರಿ, ಗುಬ್ಬಿ ಒಪ್ಪಿಲ್ಲ." ಮೊದಲ ಸಲ ಅವಳ ಮುಖದಲ್ಲಿ ನಗೆ ಸುಳಿಯಿತು. "ಗುಬ್ಬಿ ಅಂದ್ರ ನನ್ನ ಗ್ಯಾಲಕ್ಸಿ. ಬಾಳ ಸಣ್ಣದು. ಕಬ್ಬಿಣ ಗಿಬ್ಬಿಣ, ಭಾರದ ಧಾತು ಏನೂ ಇಲ್ಲ, ಕಡುಬಡವಿ. ಆದ್ರ ಅದರ ಪೂರ್ವದ ಮಗ್ಗುಲಿಗೆ ಹೊಸ ನಕ್ಷತ್ರಗಳ ಒಂದು ಗೊಂಚಲೈತಿ. ಆ ಗೊಂಚಲು ಸರ್ ಸೂತ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಕ್ಸ್-ರೇ ಕೊಡ್ತದ. ಇದನ್ನ ನಾ ಪ್ರಬಂಧ ಬರದೆ. ಕಳಿಸೋ ಮೊದಲು ಸರ್ ನನ್ನ ಕಡತಾನ ಮೂಲ ಪ್ರತಿ ಜೋಡಿ ಹೋಲಿಸಿದ್ರು. ನನ್ನ ಕಡತದೊಳಗ ಫೋಟಾನ್ ಹೆಚ್ಚಿದ್ವು. ಯಾರೋ ಸೇರಿಸ್ಯಾರ. ನನ್ನ ಲಾಗಿನ್‌ನಿಂದನ. ನಾ ಸೇರಿಸೇನಿ ಅಂತ ನಿಶಾಕ್ಷಿ ತಂಡಕ್ಕೆಲ್ಲಾ ಸರ್ ಈಮೇಲ್ ಕಳಿಸ್ಯಾರ."

ಫೋಟಾನ್ ಎಂದರೆ ಬೆಳಕಿನ ಒಂದೊಂದು ಕಣ. ಅಷ್ಟು ದೂರದ ಗ್ಯಾಲಕ್ಸಿಯಿಂದ ಅವು ಒಂದೊಂದಾಗಿ, ಬಂದರೆ ಬಂದವು ಎನ್ನುವ ಹಾಗೆ ಬರುತ್ತವೆ. ಒಂದು ಹಿಡಿ ಹೆಚ್ಚಿಗೆ ಹಾಕಿದರೂ ಲೆಕ್ಕ ಬುಡಮೇಲಾಗುತ್ತದೆ. ಇದು ಮಂಜುಶ್ರೀಗೆ ಗೊತ್ತಿತ್ತು.

"ಸೋಮವಾರದೊಳಗ ತಪ್ಪೊಪ್ಪಿಗಿಗೆ ಸಹಿ ಮಾಡಿದ್ರ ಸುಮ್ನ ಬಿಟ್ಟುಬಿಡ್ತಾರಂತ. ಇಲ್ಲಾಂದ್ರ ಹೆಸರು ತಗದು ಹೊರಗ ಹಾಕ್ತಾರಂತ," ಎಂದಳು ಶಿವಗಂಗಾ. "ಸಹಿ ಮಾಡಿದ್ರ ಸುಳ್ಳು ನನ್ನದಾಗ್ತದ. ಮಾಡಂಗಿಲ್ಲ."

"ನಿನಗೆ ಯಾರ ಮ್ಯಾಗೆ ಅನುಮಾನ?"

"ಯಾರ ಮ್ಯಾಲಂತ ಹೇಳ್ಲಿ? ಸೂತ್ರ ಮುರಿದ್ರ ಸರ್‌ಗೆ ಅವಮಾನ. ಕಂಪ್ಯೂಟರ್ ನೋಡ್ಕೊಳ್ಳೋ ಮುತ್ತು ಜೋಡಿ ಜಗಳ ಆಡೇನಿ, ಎಲ್ಲಾರ ಪಾಸ್‌ವರ್ಡ್ ಅವನ ಕೈಯಾಗ. ನನ್ನ ಪರ ಮಾತಾಡಿದಾವ ನರೇಶ್ ಸರ್ ಒಬ್ಬನ. ದೂರದರ್ಶಕದ ಡಿಟೆಕ್ಟರ್, ಅಂದ್ರ ಫೋಟಾನ್ ಹಿಡಿಯೋ ಕಣ್ಣು, ಕಟ್ಟಿದಾವ. ಜಿಗಣಿ ಪ್ರಯೋಗಶಾಲೆಯೊಳಗ ಇರ್ತಾನ, ವಾರಕ್ಕೊಮ್ಮೆ ನಮ್ಮ ಕಡೆ ಬರ್ತಾನ."

ಮುನಿಯಕ್ಕ ಎದ್ದು, ಚಪ್ಪಲಿಯನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿ ಹಾಳೆಯನ್ನು ಎತ್ತಿಕೊಂಡರು. "ಮಂಜಿ, ಆಟೋ ಕರಿ."

ಶನಿವಾರವಾದ್ದರಿಂದ ಟೆಕ್ ಪಾರ್ಕ್ ಭಣಗುಟ್ಟುತ್ತಿತ್ತು. ಸಂಶೋಧಕರ ಮಹಡಿಯಲ್ಲಿ ಮಾತ್ರ ಕಂಪ್ಯೂಟರ್‌ಗಳು ತಮ್ಮಷ್ಟಕ್ಕೆ ದುಡಿಯುತ್ತಿದ್ದವು. ಒಂದೊಂದು ಪರದೆಗೂ ಹಳದಿ ಚೀಟಿ ಅಂಟಿಸಿತ್ತು: 'ರನ್ ಆಗ್ತಿದೆ. ಮುಟ್ಟಬೇಡಿ.'

"ಇವಕ್ಕೆ ಬೀಗ ಇಲ್ವೇನಪ್ಪ?" ಎಂದು ಮುನಿಯಕ್ಕ ಮುತ್ತುವನ್ನು ಕೇಳಿದರು.

ಮುತ್ತು ಹಣೆ ಚಚ್ಚಿಕೊಂಡ. "ಹೇಳಿ ಹೇಳಿ ಸಾಕಾಯ್ತು ಮೇಡಂ! ಒಂದು ಲೆಕ್ಕ ಮುಗಿಯೋಕೆ ವಾರ ಹಿಡಿಯುತ್ತೆ. ಲಾಕ್ ಮಾಡಿದ್ರೆ ಎಲ್ಲಿ ನಿಂತುಹೋಗುತ್ತೋ ಅಂತ ಹೆದರ್ತಾರೆ. ಚೀಟಿ ಅಂಟಿಸಿ ಮನೆಗೆ ಹೋಗ್ತಾರೆ. ನನ್ನ ಸೆಕ್ಯುರಿಟಿ ಅಂದ್ರೆ ಈ ಗೋಂದು ಚೀಟಿ ಕಣ್ರೀ."

"ಅಂದ್ರೆ ಯಾರು ಬೇಕಾದ್ರೂ ಈ ಉಡುಗಿ ಕುರ್ಚೀಲಿ ಕೂತ್ಕೋಬೋದಿತ್ತು."

"ಕೂತ್ಕೋಬೋದಿತ್ತು. ಆದ್ರೆ ಬೈಸ್ಕೊಳ್ಳೋನು ನಾನೇ."

ಡಾ. ಹನುಮಂತರಾಯಪ್ಪ ಎತ್ತರದ, ಗಂಟಿಕ್ಕಿದ ಮುಖದ ಮನುಷ್ಯ. ಕುಳಿತುಕೊಳ್ಳಿ ಎನ್ನುವ ಮೊದಲೇ ಹೇಳಿದರು: "ನನ್ನ ಸೂತ್ರ ಉಳಿಸಿಕೊಳ್ಳೋಕೆ ನಾನೇ ಅವಳನ್ನ ತುಳೀತಿದೀನಿ ಅಂತ ತಾನೇ ನಿಮ್ಮ ಅನುಮಾನ?"

"ಅನುಮಾನ ನನ್ ಕಸುಬು ಸಾ. ತಪ್ಪು ತಿಳೀಬೇಡಿ."

"ಈ ವರ್ಷ ನಮ್ಮ ಗುಂಪಿಗೆ ಸಿಕ್ಕಿದ್ದು ಒಂದೇ ದೀರ್ಘ ವೀಕ್ಷಣೆ. ನರೇಶ ತನ್ನ ಸೂಪರ್‌ನೋವಾಗೆ, ಒಂದು ಸಿಡಿದ ನಕ್ಷತ್ರಕ್ಕೆ, ಕೊಡಿ ಅಂತ ಬೇಡ್ಕೊಂಡ. ನಾನು ಗುಬ್ಬಿಗೆ ಕೊಟ್ಟೆ. ಸೂತ್ರ ಉಳಿಸ್ಕೊಳ್ಳೋ ಆಸೆ ಇದ್ದಿದ್ರೆ ಯಾಕೆ ಕೊಡ್ತಿದ್ದೆ?"

"ಹೆಚ್ಚಿಗೆ ಸೇರಿರೋ ಫೋಟಾನ್‌ಗಳನ್ನ ನೋಡಿದ್ರಾ?"

"ಎಣಿಸಿದೆ. ಸಾಕಲ್ಲ?"

"ಎಣಿಸೋದು ಬೇರೆ, ನೋಡೋದು ಬೇರೆ. ಕಳ್ಳ ಎಷ್ಟು ಬೆರಳಚ್ಚು ಬಿಟ್ಟ ಅನ್ನೋದರಿಂದ ಕಳ್ಳ ಸಿಕ್ಕಲ್ಲ. ಮುತ್ತು, ಅಸಲಿದನ್ನೆಲ್ಲ ತೆಗೆದು ಸೇರಿಸಿರೋದನ್ನ ಮಾತ್ರ ಒಂದು ಹಾಳೆಗೆ ಹಾಕ್ಕೊಡಪ್ಪ. ಅಸಲಿಯದು ಬೇರೆ ಹಾಳೆ. ಪ್ರತಿ ಫೋಟಾನ್ ಡಿಟೆಕ್ಟರ್‌ನ ಯಾವ ಕೋಶಕ್ಕೆ, ಯಾವ ಸಣ್ಣ ಚೌಕಕ್ಕೆ ಬಿತ್ತು ಅಂತಾನೂ ದಾಖಲಾಗಿರ್ತದೆ ಅಂತ ಆಟೋದಾಗೆ ಮಂಜಿ ಯೋಳಿದ್ಲು. ಅದರದ್ದೂ ಚಿತ್ರ ಬೇಕು."

ಮುದ್ರಕ ಗುರುಗುಟ್ಟುತ್ತಿರುವಾಗ ಮಂಜುಶ್ರೀ ಗೋಡೆಯ ಮೇಲಿದ್ದ ಗುಬ್ಬಿಯ ದೊಡ್ಡ ಬಣ್ಣದ ಚಿತ್ರ ನೋಡುತ್ತಿದ್ದಳು. ಎಡಕ್ಕೆ ನೀಲಿ ಗೊಂಚಲು, ಬಲಕ್ಕೆ ಹಳದಿ ಮಂಕು. ಮೂಲೆಯ ಬಾಣದ ಗುರುತಿನಲ್ಲಿ ಏನೋ ತಪ್ಪಿದೆ ಅನಿಸಿತು. ಎರಡು ಸಲ ಗಂಟಲು ಸರಿಮಾಡಿಕೊಂಡು ಕೇಳಿಯೇಬಿಟ್ಟಳು. "ಸರ್, ಇಲ್ಲಿ ಪೂರ್ವ ಎಡಗಡೆ ಬರ್ದಿದೆ…"

ಹನುಮಂತರಾಯಪ್ಪನವರ ಗಂಟು ಸ್ವಲ್ಪ ಸಡಿಲಾಯಿತು. "ತಪ್ಪಲ್ಲಮ್ಮ. ಭೂಪಟ ಮೇಲಿಂದ ಕೆಳಗೆ ನೋಡಿ ಬರೆದದ್ದು, ಆಕಾಶ ಕೆಳಗಿಂದ ಮೇಲೆ ನೋಡಿ. ಉತ್ತರಕ್ಕೆ ತಲೆ ಹಾಕಿ ಅಂಗಾತ ಮಲಗು, ಪೂರ್ವ ನಿನ್ನ ಎಡಗೈಗೆ ಬರುತ್ತೆ. ಆಕಾಶ ನೋಡೋರಿಗೆ ಇದು ರಕ್ತದಲ್ಲೇ ಇರುತ್ತೆ."

ಮುತ್ತು ತಂದ ಹಾಳೆಗಳನ್ನು ಮುನಿಯಕ್ಕ ಕಿಟಕಿಯ ಬೆಳಕಿಗೆ ಹಿಡಿದರು. ಮಂಜುಶ್ರೀಯೂ ಭುಜದ ಮೇಲಿಂದ ಇಣುಕಿದಳು. ಸೇರಿಸಿದ ಫೋಟಾನ್‌ಗಳು ಗುಬ್ಬಿಯ ಬಲ ಮಗ್ಗುಲಿನಲ್ಲಿ ಒತ್ತಾಗಿದ್ದವು. ಕೋಶಗಳ ಚಿತ್ರದಲ್ಲಿ ಇನ್ನೊಂದು ವಿಚಿತ್ರ: ಚುಕ್ಕೆಗಳ ನಡುವೆ ಮೇಲಿಂದ ಕೆಳಗೆ, ಬೈತಲೆ ತೆಗೆದಂತೆ, ಒಂದು ಖಾಲಿ ಗೆರೆ. ಅಸಲಿ ಫೋಟಾನ್‌ಗಳ ಹಾಳೆಯಲ್ಲಿ ಅಂಥ ಬೈತಲೆ ಇರಲಿಲ್ಲ. ಅದೇ ಜಾಗದಲ್ಲಿ ಚುಕ್ಕೆಗಳು ಇನ್ನೂ ದಟ್ಟವಾಗಿದ್ದವು.

"ಈ ಗೆರೆ ಏನು ಸಾ?"

ಹನುಮಂತರಾಯಪ್ಪ ಕನ್ನಡಕ ಏರಿಸಿ ನೋಡಿದರು. "ಗೊತ್ತಿಲ್ಲ. ಕೋಶಗಳ ವಿಷಯ ನರೇಶನನ್ನೇ ಕೇಳಬೇಕು."

ಮುನಿಯಕ್ಕ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಕೆಳಗಿಳಿದ ಮೇಲೆ ಮಂಜುಶ್ರೀ, "ಅಕ್ಕ, ಏನಾದ್ರೂ ಹೊಳೀತಾ?" ಎಂದಳು.

"ಕಸುಬಿಗೆ ಸೇರಿದ ಹೊಸದರಲ್ಲಿ ನಾನೊಂದು ಪೆದ್ದುತನ ಮಾಡಿದ್ದೆ ಕಣೆ. ಗಾಜಿನ ಮ್ಯಾಗಿನ ಬೆರಳಚ್ಚನ್ನ ಅಂಟುಹಾಳೇಲಿ ಒತ್ತಿ ಎತ್ತಿದ್ರೆ ಅದು ಕನ್ನಡಿಯಾಗೆ ಕಂಡಂಗೆ ತಿರುಗಿರ್ತದೆ. ನಾನು ಅದನ್ನ ತಿರುಗಿಸದೇನೆ ಓದಿ, ಬಲಗೈ ಕಳ್ಳನ್ನ ಎಡಗೈಯವನು ಅಂದಿದ್ದೆ. ಸಾಹೇಬರು ಒಂದು ವಾರ ನಕ್ಕರು." ಅಷ್ಟೇ ಹೇಳಿ ಆಟೋಗೆ ಕೈ ಅಡ್ಡ ಹಿಡಿದರು.

ಭಾನುವಾರ ಚಂದಾಪುರ ದಾಟಿ ಜಿಗಣಿ ಕೈಗಾರಿಕಾ ಪ್ರದೇಶ ಮುಟ್ಟುವಷ್ಟರಲ್ಲಿ ಇಬ್ಬರ ಸೊಂಟವೂ ಬಿದ್ದುಹೋಗಿತ್ತು. ಗ್ರಾನೈಟ್ ಕೊಯ್ಯುವ ಷೆಡ್ಡುಗಳ ಬೆನ್ನಿಗೆ, ಧೂಳೇ ಒಳಬಾರದಂತೆ ಕಟ್ಟಿದ ಪ್ರಯೋಗಶಾಲೆ. ನರೇಶ್ ನಗುಮುಖದಲ್ಲೇ ಬಾಗಿಲು ತೆರೆದ.

"ಬನ್ನಿ ಮೇಡಂ! ಶಿವಗಂಗಾ ಕೇಸ್ ತಾನೇ? ಪಾಪ ಕಣ್ರೀ. ಸ್ವಲ್ಪ ಆತುರ ಬಿದ್ದಿದಾಳೆ. ಸಹಿ ಹಾಕಿ ಮುಗಿಸ್ಕೋ ಅಂತ ನಾನೇ ಹೇಳ್ದೆ. ಒರಟು ಹುಡುಗಿ, ಕೇಳಲ್ಲ."

"ಪಾಪ ಅಂತೀರಾ, ಸಹಿ ಹಾಕು ಅಂತಾನೂ ಅಂತೀರಾ," ಎಂದರು ಮುನಿಯಕ್ಕ. "ಇರ್ಲಿ. ನಿಮ್ಮ ಯಂತ್ರ ತೋರ್ಸಿ, ನನಗೆ ಇದೆಲ್ಲ ಭಾಳ ಇಷ್ಟ."

ನರೇಶನಿಗೆ ಅಷ್ಟು ಸಾಕಿತ್ತು. ಆಕಾಶದಲ್ಲಿರುವ ಡಿಟೆಕ್ಟರ್‌ನ ತದ್ರೂಪು ಒಂದು ಉಕ್ಕಿನ ಪೀಪಾಯಿಯೊಳಗಿತ್ತು. ಅವನು ಮಗುವನ್ನು ಎತ್ತಿ ತೋರಿಸುವವನಂತೆ ಅದರ ಒಂದೊಂದು ಕೋಶದ ಬಗ್ಗೆ ಹೇಳಿದ. ಪರದೆಯಲ್ಲಿ ಚುಕ್ಕೆಗಳು ಮಿಂಚತೊಡಗಿದವು.

"ಇದು ಹಸಿ ಚಿತ್ರ. ಆಕಾಶಕ್ಕೆ ಹೊಂದಿಸೋ ಮೊದಲು ನಮ್ಮ ಕಣ್ಣಿಗೆ ಬೀಳೋದು ಇದೇ. ಇಲ್ಲಿ ಮೇಲೆ ಉತ್ತರ," ಬೆರಳು ಬಲಕ್ಕೆ ಹೋಯಿತು, "ಈ ಕಡೆ ಪೂರ್ವ. ಅವರ ಹತ್ರ ಹೋಗೋ ಕಡತ ಸಾಫ್ಟ್‌ವೇರ್ ತಿರುಗಿಸಿ ಕೊಟ್ಟಿದ್ದು. ಅವ್ರು ಅಡುಗೆ ಆದ್ಮೇಲೆ ಊಟಕ್ಕೆ ಬರೋರು."

"ಕೋಶಗಳು ಕೆಡೋದಿಲ್ವಾ?"

"ಕೆಡ್ತಾವೆ. ಆಕಾಶದಲ್ಲಿರೋದರಲ್ಲಿ ಮೇಲಿಂದ ಕೆಳಗೆ ಕೋಶಗಳ ಒಂದು ಸಾಲು ಹುಚ್ಚು ಹಿಡಿದಂಗೆ ಆಡ್ತಿದೆ, ಏನೂ ಬೀಳದೇ ಇದ್ರೂ ಬಿತ್ತು ಅಂತ ಕೂಗುತ್ತೆ. ನಾನೇ ಹಿಡಿದಿದ್ದು. ಇನ್ನೂ ಹನುಮಂತರಾಯಪ್ಪ ಸಾರ್‌ಗೂ ಹೇಳಿಲ್ಲ, ಪೂರ್ತಿ ಪರೀಕ್ಷೆ ಆಗ್ಲಿ ಅಂತ." ಆ ಸಾಲನ್ನು ಅವನು ಪರದೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ.

ಮಂಜುಶ್ರೀ ತಟ್ಟನೆ ಮುನಿಯಕ್ಕನ ಚೀಲದ ಕಡೆ ನೋಡಿದಳು. ಮುನಿಯಕ್ಕ ಅವಳ ಕಾಲನ್ನು ಮೆಲ್ಲಗೆ ತುಳಿದು, "ಒಳ್ಳೇ ಕೆಲಸ ಬುಡಿ," ಎಂದು ನರೇಶನಿಗೆ ಹೇಳಿ ಹೊರಟರು.

ಸೋಮವಾರ ಬೆಳಿಗ್ಗೆ ವೈಟ್‌ಫೀಲ್ಡಿನ ಸಭಾಕೊಠಡಿಯಲ್ಲಿ ಎಲ್ಲರೂ ಸೇರಿದರು. ಮೇಜಿನ ತಲೆಗೆ ಹನುಮಂತರಾಯಪ್ಪ, ಒಂದು ಕಡೆ ಮುತ್ತು ಮತ್ತು ನರೇಶ್. ಶಿವಗಂಗಾ ಕುರ್ಚಿಯಿದ್ದರೂ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಖಾಲಿ ಕುರ್ಚಿಯ ಮುಂದೆ, ಮೇಜಿನ ಮೇಲೆ, ಹೊಸದಾಗಿ ಮುದ್ರಿಸಿದ ತಪ್ಪೊಪ್ಪಿಗೆಯೂ ಒಂದು ಪೆನ್ನೂ ಇದ್ದವು.

"ಮೊದಲು ಒಂದು ಆಟ," ಎಂದರು ಮುನಿಯಕ್ಕ. "ಮಂಜಿ, ಎಲ್ಲರಿಗೂ ಒಂದೊಂದು ಚೀಟಿ ಕೊಡು. ಯೋಚನೆ ಮಾಡಬಾರ್ದು. ಒಂದು ಸಣ್ಣ ಗ್ಯಾಲಕ್ಸಿ ಬರೀರಿ, ಉತ್ತರ ಮೇಲೆ ಇರ್ಲಿ, ಪೂರ್ವದ ಮಗ್ಗುಲಿಗೆ ಒಂದು ಚುಕ್ಕೆ ಇಡಿ."

"ಏನ್ ಮೇಡಂ ಇದು, ಅಂಗನವಾಡಿನಾ?" ಎಂದು ನರೇಶ್ ನಗುತ್ತಲೇ ಬರೆದು ಮಡಚಿಕೊಟ್ಟ.

"ಈಗ ಓದು ಮಂಜಿ. ಜೋರಾಗಿ."

ಮಂಜುಶ್ರೀ ಚೀಟಿಗಳನ್ನು ಒಂದೊಂದಾಗಿ ಬಿಡಿಸಿದಳು. ಎಲ್ಲರ ಕಣ್ಣೂ ಅವಳ ಮೇಲಿತ್ತು. ಅವಳ ಕಣ್ಣು ಗೋಡೆಗೊರಗಿ ನಿಂತಿದ್ದವಳ ಕಡೆ ಹೋಯಿತು. ಅಲ್ಲಿ ಒಂದಿಷ್ಟೂ ಬಾಗದ ತಲೆಯಿತ್ತು. ಮಂಜುಶ್ರೀ ಓದಿದಳು. "ಹನುಮಂತರಾಯಪ್ಪ ಸರ್, ಎಡಕ್ಕೆ. ಶಿವಗಂಗಾ, ಎಡಕ್ಕೆ. ಮುತ್ತು, ಬಲಕ್ಕೆ. ನರೇಶ್ ಸರ್, ಬಲಕ್ಕೆ."

ಮುನಿಯಕ್ಕ ಚೀಲದಿಂದ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು.

"ನೀವೆಲ್ಲ ಹೆಚ್ಚಿಗೆ ಬಂದ ಫೋಟಾನ್‌ಗಳನ್ನ ಎಣಿಸಿದ್ರಿ, ಎಲ್ಲಿ ಕೂತವೆ ಅಂತ ನೋಡ್ಲಿಲ್ಲ. ಅಸಲಿ ಜೊತೆ ಬೆರೆತಾಗ ಎಲ್ಲಾ ಒಂದೇ ಮಸಿಬೊಟ್ಟು. ಬಿಡಿಸಿ ನೋಡಿ, ಎಲ್ಲಾ ಪಡುವಣ ಮಗ್ಗುಲಾಗೆ ಬಿದ್ದವೆ. ಅಲ್ಲಿ ಏನೂ ಹುಟ್ತಿಲ್ಲ. ಈ ಉಡುಗಿ ಪ್ರಬಂಧದ ಜೀವ ಇರೋದು ಮೂಡಣ ಗೊಂಚಲಾಗೆ. ತನ್ನ ಮಾತು ಗಟ್ಟಿ ಮಾಡೋಕೆ ಸುಳ್ಳು ಸೇರಿಸೋಳು ಅದನ್ನ ಎದುರು ಮನೆಗೆ ಓಗಿ ಸುರೀತಾಳಾ?"

ಹನುಮಂತರಾಯಪ್ಪ ಹಾಳೆಯನ್ನು ಕೈಗೆತ್ತಿಕೊಂಡರು.

"ಸೇರಿಸಿದೋನು ಮೂಡಣಕ್ಕೇ ಸೇರಿಸ್ತಿದೀನಿ ಅಂದ್ಕೊಂಡ. ಅವನಿಗೆ ಮೂಡಣ ಅಂದ್ರೆ ಬಲಗಡೆ. ಆದ್ರೆ ಆ ಕಡತ ಆಗಲೇ ತಿರುಗಿಸಿ ಸರಿಮಾಡಿದ್ದು, ಅದರಲ್ಲಿ ಬಲಗಡೆ ಪಡುವಣ. ಆಕಾಶ ನೋಡಿ ಬೆಳೆದ ಸಾಹೇಬರ ಕೈ ಈ ತಪ್ಪು ಮಾಡಲ್ಲ, ಈ ಉಡುಗಿ ಕೈಯೂ ಮಾಡಲ್ಲ. ಉಳಿದೋರು ಇಬ್ಬರು."

ಮುತ್ತು ಹೌಹಾರಿದ. "ಅಯ್ಯೋ ಮೇಡಂ, ನಾನು ಗೂಗಲ್ ಮ್ಯಾಪ್ ನೋಡಿ ಬರೆದಿದ್ದು!"

"ಕೂತ್ಕೋಪ್ಪ, ನಿನ್ನ ಬಿಡಿಸೋಕೆ ಈ ಬೈತಲೆ ಅದೆ." ಮುನಿಯಕ್ಕನ ಬೆರಳು ಖಾಲಿ ಗೆರೆಯ ಮೇಲೆ ನಿಂತಿತು. "ಡಿಟೆಕ್ಟರ್‌ನಲ್ಲಿ ಒಂದು ಸಾಲು ಹುಚ್ಚು ಹಿಡಿದು ಕೂಗ್ತಾ ಅದೆ. ಅಸಲಿ ದಾಖಲೆಯಾಗೆ ಅಲ್ಲೇ ಚುಕ್ಕೆ ಜಾಸ್ತಿ. ಸುಳ್ಳು ಫೋಟಾನ್‌ಗಳು ಮಾತ್ರ ಒಂದೂ ಆ ಸಾಲಿಗೆ ಬಿದ್ದಿಲ್ಲ. ಸೇರಿಸಿದೋನು ಕೆಟ್ಟ ಸಾಲು ಅಂತ ಗೊತ್ತಿದ್ದು, ಅದನ್ನ ಬಳಸಿಕೊಂಡು ಓಗಿದಾನೆ. ರಸ್ತೆ ಗುಂಡಿ ಎಲ್ಲಿದೆ ಅಂತ ಗೊತ್ತಿಲ್ದೇ ಇರೋನು ಕತ್ತಲಾಗೆ ಗಾಡಿ ತಿರುಗಿಸ್ತಾನಾ? ಮುತ್ತು, ಈ ಸಾಲಿನ ವಿಷಯ ನಿನಗೆ ಗೊತ್ತಿತ್ತಾ?"

"ಇಲ್ಲ ಮೇಡಂ, ಈಗ್ಲೇ ಕೇಳ್ತಿರೋದು."

"ಸಾಹೇಬರೇ, ನಿಮಗೆ?"

"ಇಲ್ಲ." ಹನುಮಂತರಾಯಪ್ಪ ನಿಧಾನವಾಗಿ ತಲೆ ತಿರುಗಿಸಿದರು. "ನರೇಶ, ನಿನಗೆ?"

ನರೇಶನ ತುಟಿಯ ಮೇಲೆ ನಗು ಹಾಗೇ ಅಂಟಿಕೊಂಡಿತ್ತು. "ಇದೆಲ್ಲ ಒಂದು ಸಾಕ್ಷಿನಾ ಸಾರ್? ಚೀಟಿ ಆಟ…"

"ನಿನ್ನೆ ನಮಗೆ ನೀವೇ ಹೇಳಿದ್ರಿ," ಎಂದಿತು ಒಂದು ಸಣ್ಣ ದನಿ. ಅದು ತನ್ನದೇ ಎಂದು ಮಂಜುಶ್ರೀಗೆ ತಿಳಿದದ್ದು ಮಾತು ಹೊರಬಿದ್ದ ಮೇಲೆ. ಆದರೂ ನಿಲ್ಲಿಸಲಿಲ್ಲ. "ಸಾಲು ನೀವೇ ಹಿಡಿದಿದ್ದು, ಸಾರ್‌ಗೂ ಹೇಳಿಲ್ಲ ಅಂದ್ರಿ. ಪರದೆ ಮೇಲೆ ಗೆರೆ ಎಳೆದು ತೋರಿಸಿದ್ರಿ. ಆ ಗೆರೆ ಇದೇ."

ನಗು ಈಗ ಉದುರಿತು. ನರೇಶ್ ಮೇಜಿಗೆ ಕೈ ಬಡಿದು ಎದ್ದ.

"ಹೌದು, ನಾನೇ! ಆ ಡಿಟೆಕ್ಟರ್ ಕಟ್ಟಿದೋನು ನಾನು ಸಾರ್. ಒಂದೊಂದು ಕೋಶ ನನ್ನ ಕೈಯಲ್ಲಿ ಬೆಳೆದಿದ್ದು. ಅದು ಮೇಲೆ ಹೋದ್ಮೇಲೆ ಒಂದೇ ಒಂದು ಸಲ ನನ್ನ ಸೂಪರ್‌ನೋವಾ ಕಡೆ ತಿರುಗಿಸಿ ಅಂತ ಕೇಳ್ದೆ. ಅದು ದಿನದಿನಕ್ಕೆ ಮಂಕಾಗ್ತಿತ್ತು, ಮತ್ತೆ ಸಿಗಲ್ಲ ಅಂತ ಬೇಡ್ಕೊಂಡೆ. ನೀವು ನಿನ್ನೆ ಮೊನ್ನೆ ಬಂದ ಹುಡುಗಿಯ ಗುಬ್ಬಿಗೆ ಕೊಟ್ರಿ. ಅವಳ ಪ್ರಬಂಧ ಬಿದ್ರೆ ಮುಂದಿನ ಸಲವಾದ್ರೂ ನನ್ನ ಕಡೆ ನೋಡ್ತೀರಿ ಅಂದ್ಕೊಂಡೆ." ದನಿ ಒಡೆಯಿತು. ಅವನು ಯಾರ ಮುಖವನ್ನೂ ನೋಡದೆ ಹೊರಗೆ ನಡೆದ.

ಹನುಮಂತರಾಯಪ್ಪ ತಪ್ಪೊಪ್ಪಿಗೆಯನ್ನು ತಾವೇ ಎಳೆದುಕೊಂಡು ಹರಿದರು.

"ಶಿವಗಂಗಾ, ತಪ್ಪಾಯ್ತು. ಇದನ್ನ ನಮ್ಮೊಳಗೇ ಮುಗಿಸೋಣ. ನರೇಶನ ಮೇಲೆ ಏನು ಕ್ರಮ ಅಂತ ನಾನು ನೋಡ್ಕೋತೀನಿ. ಹೊರಗೆ ಗೊತ್ತಾದ್ರೆ ಗುಂಪಿನ ಹೆಸರು ಹಾಳಾಗುತ್ತೆ."

"ನಾ ಕಳ್ಳಿ ಅಂತ ಟಪಾಲು ಹೊರಗ ಹೋದಾಗ ಗುಂಪಿನ ಹೆಸರು ಹಾಳಾಗಲಿಲ್ಲೇನ್ರಿ ಸರ್?" ಶಿವಗಂಗಾ ಗೋಡೆ ಬಿಟ್ಟು ಮುಂದೆ ಬಂದಳು. "ಎಲ್ಲಾರಿಗೂ ಈಮೇಲ್ ಹೋಗೇತಿ. ನಿಶಾಕ್ಷಿಯ ಅಷ್ಟೂ ತಂಡಕ್ಕ. ಅವರಿಗೆಲ್ಲಾ ಹೇಳ್ರಿ. ಇನ್ನೊಂದು ಐತಿ. ಮುತ್ತು ಅಣ್ಣಾ, ಅಸಲಿ ಫೋಟಾನ್ ಮ್ಯಾಲಷ್ಟ ಮಾಡಿದ ಲೆಕ್ಕ ಹಾಕು. ಹುಚ್ಚು ಸಾಲೂ ತಗದು."

ಮುತ್ತು ಗುಬ್ಬಿಯ ಚಿತ್ರವನ್ನೂ ಪಕ್ಕದಲ್ಲಿ ಸೂತ್ರದ ನಕ್ಷೆಯನ್ನೂ ಪರದೆಗೆ ಹಾಕಿದ. ಪೂರ್ವದ ಗೊಂಚಲಿನ ಮೇಲೆ ಬೊಟ್ಟು ಇನ್ನೂ ಸ್ಪಷ್ಟವಾಗಿ ಕೂತಿತ್ತು. ಸುಳ್ಳು ಅದನ್ನು ಬಲಪಡಿಸಿರಲಿಲ್ಲ, ಕಲಕಿತ್ತು ಅಷ್ಟೇ. ಸೂತ್ರ ಹೇಳುವುದಕ್ಕಿಂತ ಗುಬ್ಬಿ ಎಷ್ಟೋ ಪಟ್ಟು ಪ್ರಖರವಾಗಿತ್ತು.

ಹನುಮಂತರಾಯಪ್ಪ ತಮ್ಮ ಸೂತ್ರದ ಗೆರೆಯನ್ನೂ, ಅದರಿಂದ ದೂರ ಮೇಲೆ ನಿಂತ ಆ ಒಂಟಿ ಚುಕ್ಕೆಯನ್ನೂ ನೋಡುತ್ತ ಕೂತರು. "ಪ್ರಬಂಧದ ಕೊನೆಯಲ್ಲಿ 'ಹಳೆಯ ಸೂತ್ರ ಇಲ್ಲಿ ಸೋಲುತ್ತದೆ' ಅಂತ ಬರೆದಿದೀಯ. ಅದನ್ನ ಸ್ವಲ್ಪ ಮೆತ್ತಗೆ…"

"ಸೋಲ್ತದ್ರಿ ಸರ್. ಹಂಗ ಇರ್ಲಿ."

ಮುನಿಯಕ್ಕ ಮಂಜುಶ್ರೀಯ ಕಡೆ ತಿರುಗಿ ಹುಬ್ಬು ಹಾರಿಸಿದರು. ಹನುಮಂತರಾಯಪ್ಪ ನಿಟ್ಟುಸಿರು ಬಿಟ್ಟು, ಲ್ಯಾಪ್‌ಟಾಪ್ ಹತ್ತಿರಕ್ಕೆಳೆದು, ನಿಶಾಕ್ಷಿ ತಂಡಕ್ಕೆಲ್ಲ ಈಮೇಲ್ ಟೈಪ್ ಮಾಡತೊಡಗಿದರು. ಶಿವಗಂಗಾ ಅವರ ಹಿಂದೆ ನಿಂತು ಒಂದೊಂದು ಸಾಲನ್ನೂ ಓದಿದಳು. 'ತಪ್ಪುಗ್ರಹಿಕೆಯಿಂದ' ಎಂದಿದ್ದ ಕಡೆ ಬೆರಳಿಟ್ಟಳು. ಅವರು ಅಳಿಸಿ, 'ಸುಳ್ಳು ಆರೋಪದಿಂದ' ಎಂದು ಬರೆದರು.

"ಆಯ್ತಲ್ಲಮ್ಮ," ಎಂದರು, ದಣಿದ ದನಿಯಲ್ಲಿ. "ಬೆಳಿಗ್ಗೆಯಿಂದ ನಿಂತೇ ಇದೀಯ. ಕೂತ್ಕೋ."

"ಮೊದ್ಲ ಕಳಿಸ್ರಿ ಸರ್," ಎಂದಳು ಶಿವಗಂಗಾ. "ಆಮ್ಯಾಲೆ ಕೂಡ್ತೀನಿ."